ತೊಟ್ಟಿ ಮನೆಯಲ್ಲಿ ಮೂರು ದಿನದ ಚಿತ್ರೀಕರಣ: ಸಿನಿಮಾ ಕ್ಯಾಮೆರಾ ಬಳಸಿದವರ ಅನುಭವ ಬೇಕಾಗಿದೆ

ಸಾಗರದ ಕಿರುಚಿತ್ರ ತಂಡದ ಕೋರಿಕೆ

ನಾವು ಐದು ಜನ ಸ್ನೇಹಿತರು ಸೇರಿ 18 ನಿಮಿಷದ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇವೆ. ಇದುವರೆಗೆ ಮದುವೆ, ನಾಟಕಗಳನ್ನು ಸಾಮಾನ್ಯ ಡಿಎಸ್ಎಲ್ಆರ್‌ನಲ್ಲಿ ಚಿತ್ರೀಕರಿಸಿದ ಅನುಭವವಷ್ಟೇ ನಮಗಿದೆ. ಡಿಸೆಂಬರ್‌ನಲ್ಲಿ ಮೂರು ದಿನಗಳ ಮಟ್ಟಿಗೆ ಬ್ಲ್ಯಾಕ್‌ಮ್ಯಾಜಿಕ್ ಪಾಕೆಟ್ ಸಿನಿಮಾ ಕ್ಯಾಮೆರಾ 6ಕೆ ಬಾಡಿಗೆಗೆ ಸಿಗಲಿದೆ. ಒಳಗೆ ಎನ್‌ಡಿ ಫಿಲ್ಟರ್ (ಲೆನ್ಸಿನಿಂದ ಬರುವ ಬೆಳಕನ್ನು ತಗ್ಗಿಸುವ ಗಾಜು) ಇಲ್ಲದ ಮೊದಲ ಮಾದರಿ. ಮುಖ್ಯ ದೃಶ್ಯಗಳು ಮೂರು: ಹಳೆಯ ತೊಟ್ಟಿ ಮನೆಯ ಕತ್ತಲೆಯ ಜಗುಲಿಯಲ್ಲಿ ಅಜ್ಜಿಯೊಬ್ಬರು ಬಿಸಿಲು ಬಿದ್ದ ಅಂಗಳ ನೋಡುತ್ತಾ ಮಾತಾಡುವುದು, ರಾತ್ರಿ ಚಪ್ಪರದ ಕೆಳಗೆ ಬಲ್ಬಿನ ಬೆಳಕಿನಲ್ಲಿ ಅಡಿಕೆ ಸುಲಿಯುವುದು, ಮಧ್ಯಾಹ್ನ ತೋಟದ ದಾರಿಯಲ್ಲಿ ಕಪ್ಪು ಕೊಡೆ ಹಿಡಿದು ನಡೆದು ಬರುವ ಶ್ಯಾನುಭೋಗರು. ಇಂತಹ ಕ್ಯಾಮೆರಾ ಹಿಡಿದು ದುಡಿದವರು ನಮ್ಮ ಮಟ್ಟದ ತಂಡ ಎಲ್ಲಿ ಎಡವುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಛಾಯಾಗ್ರಾಹಕ, ಬೆಂಗಳೂರು

ನಿಮ್ಮ ಮೂರು ದೃಶ್ಯಗಳಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಜಗುಲಿಯದು, ಆದ್ದರಿಂದ ಅದರಿಂದಲೇ ಆರಂಭಿಸುತ್ತೇನೆ. ಅತಿ ಕತ್ತಲೆಯಿಂದ ಅತಿ ಬೆಳಕಿನವರೆಗೆ ಈ ಕ್ಯಾಮೆರಾಕ್ಕೆ 13 ಸ್ಟಾಪ್‌ಗಳ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧವಾಗುವ ಅಳತೆ) ವ್ಯಾಪ್ತಿ ಇದೆಯೆಂದು ತಯಾರಕರು ಹೇಳುತ್ತಾರೆ; ಆ ಸಂಖ್ಯೆಯನ್ನು ನಂಬಿಕೊಂಡು ಮಟಮಟ ಮಧ್ಯಾಹ್ನ ತೊಟ್ಟಿಯೊಳಗೆ ನೇರ ಬಿಸಿಲು ಬೀಳುವಾಗ ಚಿತ್ರೀಕರಿಸಿದರೆ ಅಂಗಳ ಬಿಳಿಯ ಹಾಳೆಯಾಗುತ್ತದೆ, ಇಲ್ಲವೇ ಅಜ್ಜಿಯ ಮುಖ ಕತ್ತಲಲ್ಲಿ ಮುಳುಗುತ್ತದೆ. ಹೀಗೆ ಒಮ್ಮೆ ಬಿಳುಚಿದ ಭಾಗವನ್ನು ಸೆನ್ಸರ್ ಹಿಡಿದ ಮಾಹಿತಿಯನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸುವ ರಾ ಫೂಟೇಜ್ ಆಗಿದ್ದರೂ ಮರಳಿ ತರಲು ಸಾಧ್ಯವಿಲ್ಲ. ಬೆಳಿಗ್ಗೆ ಸೂರ್ಯ ಮಾಡನ್ನು ದಾಟಿ ಒಳಗಿಳಿಯುವ ಮೊದಲು, ಅಂಗಳದಲ್ಲಿ ಆಕಾಶದ ಬೆಳಕು ಮಾತ್ರ ಇರುವಾಗ, ಈ ದೃಶ್ಯವನ್ನು ಮುಗಿಸಿಕೊಳ್ಳಿ. ಬಿಸಿಲೇ ಬೇಕೆಂದಾದರೆ ಚೌಕಟ್ಟಿನಲ್ಲಿ ಕಾಣುವಷ್ಟು ಜಾಗಕ್ಕೆ ಮಾತ್ರ ಬಿಸಿಲು ಬಿಟ್ಟು, ಉಳಿದ ತೊಟ್ಟಿಯ ಮೇಲೆ ಬಿಳಿ ಬಟ್ಟೆ ಕಟ್ಟಿ, ಜಗುಲಿಯ ಕಡೆಗೆ ಎರಡು ಥರ್ಮಾಕೋಲ್ ಹಲಗೆಗಳಿಂದ ಬೆಳಕನ್ನು ತಿರುಗಿಸಿ.

ಕ್ಯಾಮೆರಾದ ಪರದೆಯಲ್ಲಿ ಕಾಣುವ ಚಿತ್ರವನ್ನು ನೋಡಿ ಎಕ್ಸ್‌ಪೋಷರ್ ನಿರ್ಧರಿಸಬೇಡಿ, ಏಕೆಂದರೆ ಕತ್ತಲೆಯ ಕೋಣೆಯಲ್ಲಿ ಆ ಪರದೆ ಬೆಳಗಿ ಕಾಣುತ್ತದೆ, ಹೊರಗೆ ಬಿಸಿಲಿನಲ್ಲಿ ಮಂಕಾಗುತ್ತದೆ. ಫಾಲ್ಸ್ ಕಲರ್ ಎಂಬ ಆಯ್ಕೆಯನ್ನು ಹಾಕಿಕೊಂಡರೆ ಮಧ್ಯಮ ಬೂದುಬಣ್ಣದ ಮಟ್ಟ ಹಸಿರಾಗಿಯೂ ಅದಕ್ಕಿಂತ ಒಂದು ಸ್ಟಾಪ್ ಮೇಲಿನದು ಗುಲಾಬಿಯಾಗಿಯೂ ಮಿತಿಮೀರಿದ ಭಾಗ ಕೆಂಪಾಗಿಯೂ ತೋರುತ್ತದೆ. ಚರ್ಮವನ್ನು ಗುಲಾಬಿಗೆ ತನ್ನಿ ಎಂದು ಅನೇಕ ವಿಡಿಯೊ ಪಾಠಗಳು ಹೇಳುತ್ತವೆ, ಆದರೆ ಅದು ತೀರ ಬೆಳ್ಳಗಿನ ಚರ್ಮಕ್ಕೆ ಹೊಂದುವ ಅಳತೆ. ಬಿಸಿಲಿನಲ್ಲಿ ದುಡಿದ ನಮ್ಮವರ ಮುಖ ಹಸಿರಿನ ಆಸುಪಾಸಿನಲ್ಲಿದ್ದರೆ ಅದರ ನಿಜವಾದ ಮೈಬಣ್ಣ ಉಳಿಯುತ್ತದೆ. ಇಲ್ಲಿ ದಯವಿಟ್ಟು ರಾಜಿಯಾಗಬೇಡಿ. ಎಷ್ಟೋ ಕಿರುಚಿತ್ರಗಳಲ್ಲಿ ಹಳ್ಳಿಯ ಮುಖಗಳು ಬೂದಿ ಬಳಿದಂತೆ ಕಾಣುವುದನ್ನು ನೋಡಿ ನನಗೆ ನಿಜಕ್ಕೂ ನೋವಾಗಿದೆ.

ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟದ ಬಗ್ಗೆಯೂ ಒಂದು ಮಾತು. ಈ ಕ್ಯಾಮೆರಾಕ್ಕೆ 400 ಮತ್ತು 3200 ಎಂಬ ಎರಡು ಮೂಲ ಮಟ್ಟಗಳಿವೆ. 1000ದವರೆಗಿನದು ಮೊದಲನೆಯದರ ಶ್ರೇಣಿ, 1250ರಿಂದ ಮೇಲಿನದು ಎರಡನೆಯದರದು. ಒಂದೇ ಶ್ರೇಣಿಯೊಳಗೆ ನೀವು ಐಎಸ್ಒ ಬದಲಿಸಿದರೂ ಸೆನ್ಸರ್ ಬಿಳುಚುವ ಬಿಂದು ಬದಲಾಗುವುದಿಲ್ಲ, ಮತ್ತು ಆ ಐಎಸ್ಒವನ್ನು ಗ್ರೇಡಿಂಗ್ (ನಂತರ ಬಣ್ಣ ತಿದ್ದುವ ಕೆಲಸ) ವೇಳೆಯೂ ತಿದ್ದಬಹುದು. ಆದ್ದರಿಂದ ಹಗಲಿಗೆ 400, ರಾತ್ರಿಯ ಚಪ್ಪರಕ್ಕೆ 3200 ಎಂದು ನಿಶ್ಚಯಿಸಿಕೊಂಡು, ನಡುವೆ ತಡಕಾಡದೆ ಬೆಳಕನ್ನು ಸರಿಪಡಿಸುವುದರಲ್ಲಿ ಸಮಯ ಕಳೆಯಿರಿ. ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಹೊಂದಾಣಿಕೆ) ಕೂಡ ಒಂದು ದೃಶ್ಯಕ್ಕೆ ಒಂದೇ ಇರಲಿ.

ಸಾಕ್ಷ್ಯಚಿತ್ರ ನಿರ್ದೇಶಕಿ, ಧಾರವಾಡ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಾ, ನಿಮ್ಮ ಕಪ್ಪು ಕೊಡೆಯ ಬಗ್ಗೆ ಎಚ್ಚರಿಸಬೇಕೆನಿಸಿತು. ಇದೇ ಮಾದರಿಯ ಕ್ಯಾಮೆರಾದಲ್ಲಿ ನಾನು ಒಂದು ಜಾತ್ರೆಯನ್ನು ಚಿತ್ರೀಕರಿಸಿದಾಗ, ಮಧ್ಯಾಹ್ನದ ಬಿಸಿಲಿಗೆಂದು ಆರು ಸ್ಟಾಪ್‌ನ ಸಾಮಾನ್ಯ ಎನ್‌ಡಿ ಫಿಲ್ಟರ್ ಹಾಕಿದ್ದೆ. ಸಂಜೆ ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಅಷ್ಟು ಹೊತ್ತು ಕಣ್ಣಿಗೆ ಕಪ್ಪಾಗಿಯೇ ಕಂಡಿದ್ದ ನೈಲಾನ್ ಕೊಡೆಗಳೆಲ್ಲ ಹಣ್ಣಾದ ನೇರಳೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು, ಪಕ್ಕದಲ್ಲಿ ನಿಂತವರ ಹತ್ತಿಯ ಕರಿ ಅಂಗಿ ಮಾತ್ರ ಕರಿಯಾಗಿಯೇ ಇತ್ತು. ಕಾರಣವಿಷ್ಟೇ: ಸಾಮಾನ್ಯ ಎನ್‌ಡಿ ಕಣ್ಣಿಗೆ ಕಾಣುವ ಬೆಳಕನ್ನು ತಡೆಯುತ್ತದೆಯೇ ಹೊರತು ಅತಿಗೆಂಪು ಕಿರಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಕಾಣುವ ಬೆಳಕು ಕಡಿಮೆಯಾದಷ್ಟೂ ಅತಿಗೆಂಪಿನ ಪಾಲು ಸೆನ್ಸರ್‌ನಲ್ಲಿ ಹೆಚ್ಚುತ್ತದೆ, ಸಿಂಥೆಟಿಕ್ ಕಪ್ಪು ಬಟ್ಟೆಗಳು ಆ ಕಿರಣಗಳನ್ನು ಚೆನ್ನಾಗಿ ಪ್ರತಿಫಲಿಸುತ್ತವೆ. ಗಿಡಮರಗಳ ಎಲೆಗಳೂ ಹಾಗೆಯೇ ಪ್ರತಿಫಲಿಸುವುದರಿಂದ ನಿಮ್ಮ ತೋಟದ ಹಸಿರೂ ಕೆಡಬಹುದು, ಮತ್ತು ಕೊಡೆಯ ಬಣ್ಣ ತಿದ್ದಲು ಹೋದರೆ ಮುಖದ ಬಣ್ಣವೂ ಜೊತೆಗೇ ಜಾರುತ್ತದೆ. ಬಾಡಿಗೆಯವರಲ್ಲಿ ಅತಿಗೆಂಪನ್ನೂ ತಡೆಯುವ ಐಆರ್ ಎನ್‌ಡಿ ಎಂದೇ ಕೇಳಿ ಪಡೆಯಿರಿ. ತಿರುಗಿಸಿ ಹೊಂದಿಸುವ ವೇರಿಯಬಲ್ ಎನ್‌ಡಿ ಕೊಟ್ಟರೆ ಬೇಡವೆನ್ನಿ. ಅದನ್ನು ಕೊನೆಯವರೆಗೆ ತಿರುಗಿಸಿದಾಗ ಅಗಲ ಲೆನ್ಸಿನಲ್ಲಿ ಚಿತ್ರದ ಮೇಲೆ ಗುಣಿಸು ಚಿಹ್ನೆಯಂತಹ ನೆರಳು ಮೂಡುತ್ತದೆ.

ಇನ್ನು ರಾತ್ರಿಯ ಬಲ್ಬಿನ ವಿಷಯ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ನೀವು ಸೆಕೆಂಡಿಗೆ 24 ಫ್ರೇಮ್‌ನಲ್ಲಿ, ಪಾಠದಲ್ಲಿ ಹೇಳಿದಂತೆ 180 ಡಿಗ್ರಿ ಶಟರ್ ಇಟ್ಟರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಸಮಯ ಸೆಕೆಂಡಿನ 48ರಲ್ಲಿ ಒಂದು ಭಾಗವಾಗುತ್ತದೆ. ದೀಪದ ಲಯಕ್ಕೆ ಅದು ಕೂಡಿ ಬರದೆ ಚಿತ್ರ ಮಿನುಗಬಹುದು. 172.8 ಡಿಗ್ರಿ ಇಟ್ಟರೆ ಸರಿಯಾಗಿ 50ರಲ್ಲಿ ಒಂದು ಭಾಗವಾಗುತ್ತದೆ. ಮೆನುವಿನಲ್ಲಿ 50 ಹರ್ಟ್ಸ್ ಆರಿಸಿಕೊಂಡರೆ ಮಿನುಗದ ಶಟರ್ ಅಳತೆಗಳನ್ನು ಕ್ಯಾಮೆರಾವೇ ಸೂಚಿಸುತ್ತದೆ. ಆದರೆ ಹಳೆಯ ಜನರೇಟರ್‌ನಲ್ಲಿ ಹರ್ಟ್ಸ್ ಒಂದೇ ಸಮನೆ ನಿಲ್ಲುವುದಿಲ್ಲ, ಅಗ್ಗದ ಎಲ್ಇಡಿ ಬಲ್ಬುಗಳು ಯಾವ ಅಳತೆಗೂ ಬಗ್ಗದಿರಬಹುದು. ಅಂಗಡಿಯಿಂದ ಬೇರೆ ಬೇರೆ ಬಲ್ಬು ತಂದು ಹಿಂದಿನ ದಿನವೇ ಇದೇ ಕ್ಯಾಮೆರಾದಲ್ಲಿ ಪರೀಕ್ಷಿಸಿ. ಮೆಟ್ಟುಗತ್ತಿಯ ಮೇಲೆ ಕೈ ಚಕಚಕನೆ ಆಡುವ ದೃಶ್ಯದಲ್ಲಿ ಹಿನ್ನೆಲೆ ಮಿನುಗಿದರೆ ನೋಡುವವರ ಗಮನವೆಲ್ಲ ಅಲ್ಲಿಗೇ ಹೋಗುತ್ತದೆ.

ಫೋಕಸ್ ಪುಲ್ಲರ್, ಮೈಸೂರು

ನನ್ನದು ಚಿಕ್ಕ ಸಲಹೆ. ಡಿಎಸ್ಎಲ್ಆರ್‌ನಿಂದ ಬರುವವರು ಫೋಕಸ್ ತಾನೇ ಹಿಂಬಾಲಿಸುತ್ತದೆ ಎಂದುಕೊಂಡಿರುತ್ತಾರೆ, ಆದರೆ ಈ ಕ್ಯಾಮೆರಾದಲ್ಲಿ ಆ ಸೌಲಭ್ಯವಿಲ್ಲ; ಗುಂಡಿ ಒತ್ತಿದಾಗ ಒಮ್ಮೆ ಫೋಕಸ್ ಮಾಡಿ ನಿಲ್ಲುತ್ತದೆ. ಆದ್ದರಿಂದ ಐವರಲ್ಲಿ ಒಬ್ಬರನ್ನು ಫೋಕಸ್‌ಗೆಂದೇ ಇಡಿ, ಕೊಡೆಯವರು ನಡೆಯುವ ದಾರಿಯಲ್ಲಿ ನಾಲ್ಕು ಕಡೆ ಗುರುತು ಹಾಕಿ ಟೇಪಿನಿಂದ ದೂರ ಅಳೆಯಿರಿ, ಮತ್ತು ಫೋಕಸ್ ಸುಲಭವಾಗಿ ತಪ್ಪದಂತೆ, ಲೆನ್ಸನ್ನು ಪೂರ್ತಿ ತೆರೆಯುವ ಆಸೆ ಬಿಟ್ಟು ಅದರ ತೆರಪನ್ನು ಎಫ್ 4ರ ಸುಮಾರಿಗೆ ಇಟ್ಟುಕೊಳ್ಳಿ. ಬ್ಯಾಟರಿ ವಿಷಯದಲ್ಲೂ ಮೋಸ ಹೋಗಬೇಡಿ: ಒಳಗೆ ಕೂರುವ ಎಲ್‌ಪಿ-ಇ6 ಮುಕ್ಕಾಲು ಗಂಟೆ ಬಂದರೆ ಹೆಚ್ಚು. ಹೊರಗೆ ಜೋಡಿಸುವ ಎರಡು ದೊಡ್ಡ ವಿ-ಮೌಂಟ್ ಬ್ಯಾಟರಿಗಳನ್ನು ಬಾಡಿಗೆಯ ಪಟ್ಟಿಯಲ್ಲೇ ಸೇರಿಸಿ.

ಸಂಕಲನಕಾರ, ಹುಬ್ಬಳ್ಳಿ

ಚಿತ್ರೀಕರಣ ಮುಗಿದ ಮೇಲೆ ನನ್ನ ಮೇಜಿಗೆ ಬರುವ ಸಾಮಗ್ರಿಯ ಬಗ್ಗೆ ಯಾರೂ ಹೇಳಿಲ್ಲ. 6ಕೆಯಲ್ಲಿ 24 ಫ್ರೇಮ್‌ಗೆ 8:1 ಸಂಕೋಚನದಲ್ಲಿ ಒಂದು ಗಂಟೆಗೆ ಸುಮಾರು 350 ಜಿಬಿ, 5:1ರಲ್ಲಿ ಸುಮಾರು 560 ಜಿಬಿ ಬೇಕಾಗುತ್ತದೆ. ನಿಮ್ಮ 18 ನಿಮಿಷಕ್ಕೆ ಎಂಟು ಪಟ್ಟು ಚಿತ್ರೀಕರಿಸುತ್ತೀರಿ ಎಂದುಕೊಂಡರೆ 8:1ರಲ್ಲೇ 840 ಜಿಬಿ, ಎರಡು ನಕಲಿಗೆ ಅದರ ಇಮ್ಮಡಿ. ನಿಮ್ಮಂತಹ ಕಥೆಗೆ 8:1 ಧಾರಾಳವಾಗಿ ಸಾಕು. ಉಳಿದ ಹಣವನ್ನು ಎರಡನೆಯ ಹಾರ್ಡ್ ಡಿಸ್ಕಿಗೆ ಹಾಕಿ.

ಆರು ವರ್ಷಗಳ ಹಿಂದೆ ನಮ್ಮದೇ ತಂಡದಲ್ಲಿ ಊಟದ ಅವಸರದಲ್ಲಿ ಒಬ್ಬರು ಕ್ಯಾಮೆರಾ ದಾಖಲಿಸಿದ ಎಸ್ಎಸ್‌ಡಿಯಿಂದ (ಸಣ್ಣ ಶೇಖರಣಾ ಡ್ರೈವ್) ನಕಲು ಮಾಡಿ, ಫೋಲ್ಡರ್ ಕಾಣಿಸಿದ್ದೇ ಸಾಕೆಂದು ಫಾರ್ಮ್ಯಾಟ್ ಮಾಡಿದರು. ಮೂರು ಕ್ಲಿಪ್‌ಗಳು ಅರ್ಧಕ್ಕೇ ನಿಂತಿದ್ದವು, ಅವುಗಳಲ್ಲಿ ಒಂದು ಆ ದಿನ ಊರಿಗೆ ಮರಳಿದ ವೃದ್ಧ ಕಲಾವಿದರ ಏಕೈಕ ಒಳ್ಳೆಯ ಟೇಕ್. ಅವರನ್ನು ಮತ್ತೆ ಕರೆಸಲು ಆಗಲೇ ಇಲ್ಲ. ಅಂದಿನಿಂದ ಚಿತ್ರೀಕರಣವಾದ ಪ್ರತಿ ಎಸ್ಎಸ್‌ಡಿಗೆ ಕೆಂಪು ಟೇಪು ಅಂಟಿಸುತ್ತೇವೆ. ಎರಡು ಬೇರೆ ಡಿಸ್ಕುಗಳಿಗೆ ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಎಂದು ತಾಳೆ ನೋಡುವ ಅಂಕೆ) ಸಹಿತ ನಕಲಾಗಿ, ಪ್ರತಿ ಕ್ಲಿಪ್‌ನ ಕೊನೆಯ ಭಾಗವನ್ನು ಒಬ್ಬರು ತೆರೆದು ನೋಡಿದ ಮೇಲೆಯೇ ಆ ಟೇಪು ಕಿತ್ತು ಹಸಿರು ಅಂಟಿಸುತ್ತೇವೆ. ಹಸಿರು ಟೇಪಿಲ್ಲದ ಎಸ್ಎಸ್‌ಡಿಯನ್ನು ಕ್ಯಾಮೆರಾದ ಹತ್ತಿರವೂ ಒಯ್ಯುವಂತಿಲ್ಲ. ಎಸ್ಎಸ್‌ಡಿಯ ಯುಎಸ್‌ಬಿ ಕೇಬಲ್ ಜಾರದಂತೆ ಕ್ಲ್ಯಾಂಪ್ ಹಾಕುವುದನ್ನೂ ಮರೆಯಬೇಡಿ, ಅದು ಒಂದು ಎಳೆತಕ್ಕೆ ಕಳಚುತ್ತದೆ.

ಸಾಗರದ ತಂಡ

ಎಲ್ಲರಿಗೂ ಕೃತಜ್ಞತೆಗಳು. ಪರೀಕ್ಷೆಗೆಂದು ಬಾಡಿಗೆಯನ್ನು ಒಂದು ದಿನ ಮೊದಲೇ ಆರಂಭಿಸಲು ಒಪ್ಪಿಸಿದ್ದೇವೆ, ಐಆರ್ ಎನ್‌ಡಿಯೂ ಸಿಗುತ್ತದೆ. ಒಂದು ಸಂದೇಹ ಉಳಿದಿದೆ: ಜಗುಲಿಯ ಒಳಮೂಲೆಗೆ ಥರ್ಮಾಕೋಲಿನ ಬೆಳಕು ತಲುಪುತ್ತಿಲ್ಲ, ದೊಡ್ಡ ಲೈಟು ತರುವಷ್ಟು ಹಣ ನಮ್ಮಲ್ಲಿಲ್ಲ.

ಛಾಯಾಗ್ರಾಹಕ, ಬೆಂಗಳೂರು

ಮನೆಯ ಬೀರುವಿನ ಕನ್ನಡಿ ಬಳಸಿ. ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ ಆ ಪ್ರಸಿದ್ಧ ಬೆಳಕಿನ ಕೋಲನ್ನು ಮೂಡಿಸಿದ್ದು ಕನ್ನಡಿಗಳ ಮೂಲಕ ಹೊರಗಿನ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಂದು. ಮಾಡಿನ ಅಂಚಿಗೆ ಬಿಸಿಲು ತಾಗುವಲ್ಲಿ ಒಬ್ಬರು ಕನ್ನಡಿ ಹಿಡಿದು, ಆ ಬೆಳಕನ್ನು ನೇರವಾಗಿ ಅಜ್ಜಿಯ ಮೇಲೆ ಬೀಳಿಸದೆ ಒಳಗಿನ ಬಿಳಿ ಗೋಡೆಗೋ ಕಟ್ಟಿದ ಪಂಚೆಗೋ ಬೀಳಿಸಿ. ಅಲ್ಲಿಂದ ಚದುರಿ ಬರುವ ಬೆಳಕು ಮುಖಕ್ಕೆ ಮೃದುವಾಗಿ ತಾಗುತ್ತದೆ. ಸೂರ್ಯ ಸರಿಯುತ್ತಾನೆ, ಆದ್ದರಿಂದ ಪ್ರತಿ ಟೇಕಿಗೂ ಮುನ್ನ ಕನ್ನಡಿಯನ್ನು ಹೊಂದಿಸಿಕೊಂಡು ಫಾಲ್ಸ್ ಕಲರ್ ಇನ್ನೊಮ್ಮೆ ನೋಡಿ.