ಟಕ್ ಟಕ್, ಢಂ, ಗುಡುಗುಡು

ಕೋಲಾರದ ಕ್ಲಾಕ್ ಟವರ್ ಹತ್ತಿರದ ಟೀ ಅಂಗಡಿ. ಬೆಂಚಿನ ಮೇಲೆ ಮೇಷ್ಟ್ರು, ಟೊಮೇಟೊ ಮಂಡಿಯ ನಾಗಣ್ಣ, ನಾನು. ಮಧ್ಯದಲ್ಲಿ ಪ್ಲಂಬರ್ ಬಾಷಾ ಸಿಕ್ಕಿಬಿದ್ದಿದ್ದ. ಮದುವೆ ಮನೆಗೆ ಡಾಕ್ಟರ್ ಬಂದರೆ ಎಲ್ಲರಿಗೂ ಸೊಂಟ ನೋವು ನೆನಪಾಗುತ್ತಲ್ಲ, ಹಾಗೆ ಬಾಷಾ ಕೂತಲ್ಲೆಲ್ಲ ಜನರಿಗೆ ಮನೆಯ ನಲ್ಲಿ ನೆನಪಾಗುತ್ತೆ.

“ಬಿಸಿನೀರಿನ ಪೈಪು ಟಕ್ ಟಕ್ ಅನ್ನುತ್ತೆ ಕಣಯ್ಯ,” ಅಂದರು ಮೇಷ್ಟ್ರು.

“ನಮ್ಮನೇದು ಢಂ ಅನ್ನುತ್ತೆ,” ಅಂದ ನಾಗಣ್ಣ. “ಮೇಲಿನ ಬಾಡಿಗೆಯವರು ನಲ್ಲಿ ನಿಲ್ಲಿಸಿದರೆ ಕೆಳಗೆ ನನ್ನ ಎದೆ ನಿಲ್ಲುತ್ತೆ.”

ನಮ್ಮ ಗೀಸರ್‌ದು ಗುಡುಗುಡು. ಅದನ್ನು ಬಾಯಲ್ಲೇ ಮಾಡಿ ತೋರಿಸಿದೆ. ಟೀ ಅಂಗಡಿಯವನು ಗಾಬರಿಯಿಂದ ಸಿಲಿಂಡರ್ ನೋಡಿದ.

“ಮಿಮಿಕ್ರಿ ಸಾಕು ಸಾರ್,” ಅಂದ ಬಾಷಾ. “ಯಾವಾಗ ಬರುತ್ತೆ ಹೇಳಿ. ನಲ್ಲಿ ಬಿಟ್ಟಾಗಲಾ, ನಿಲ್ಲಿಸಿದಾಗಲಾ, ಯಾರೂ ಮುಟ್ಟದೇ ಇದ್ದಾಗಲಾ?”

ಒಳ್ಳೇ ಪ್ರಶ್ನೆ. ಇದನ್ನು ಕೇಳದೆ ಗೋಡೆಗೆ ಉಳಿ ಹಾಕುವವರೇ ಜಾಸ್ತಿ.

“ಬಿಟ್ಟು ಸ್ವಲ್ಪ ಹೊತ್ತಿಗೆ ಶುರು. ನಿಲ್ಲಿಸಿದ ಮೇಲೂ ತಣ್ಣಗಾಗುವ ತನಕ ಇರುತ್ತೆ,” ಅಂದರು ಮೇಷ್ಟ್ರು. “ಸದ್ದು ಬಿಡು, ತಡೆದುಕೊಳ್ಳಬಹುದು. ನಮ್ಮಮ್ಮ ಅದನ್ನ ಹಲ್ಲಿ ಅಂದುಕೊಂಡಿದ್ದಾರೆ. ‘ಸಾರಿಗೆ ಉಪ್ಪು ಜಾಸ್ತಿ’ ಅಂತಾರೆ. ಗೋಡೆ ಒಳಗೆ ಟಕ್! ‘ಕೃಷ್ಣ ಕೃಷ್ಣ, ನೋಡು, ಹಲ್ಲೀನೂ ನುಡೀತು’ ಅಂತಾರೆ. ಹಲ್ಲಿ ಇರಬೇಕು, ಇಲ್ಲ ನಾನಿರಬೇಕು ಅಂತಿದ್ದಾಳೆ ನಮ್ಮವಳು.”

“ಅದು ಸಿಪಿವಿಸಿ ಪೈಪು ಸಾರ್, ಬಿಸಿನೀರಿಗೆ ಹಾಕೋ ಪ್ಲಾಸ್ಟಿಕ್. ಬಿಸಿಗೆ ಉದ್ದ ಆಗುತ್ತೆ. 3 ಮೀಟರ್ ಪೈಪು 40 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 8 ಮಿಲಿಮೀಟರ್ ಬೆಳೆಯುತ್ತೆ. ಜಿಐ, ಅಂದ್ರೆ ಕಬ್ಬಿಣದ ಪೈಪಾದರೆ ಒಂದೂವರೆ ಅಷ್ಟೇ. ಕ್ಲಾಂಪು ಬಿಗಿ ಹೊಡೆದು, ಗೋಡೆ ತೂತಿಗೆ ಸಿಮೆಂಟ್ ಮೆತ್ತಿದರೆ ಅದು ಎಲ್ಲಿಗೆ ಹೋಗಬೇಕು? ಒದ್ದಾಡಿ ಜಾರುತ್ತೆ, ಟಕ್ ಅನ್ನುತ್ತೆ. ಕ್ಲಾಂಪು ಸಡಿಲ ಮಾಡಿ ಒಳಗೆ ರಬ್ಬರ್ ಇಡೋಣ. ತೂತು ಸ್ವಲ್ಪ ದೊಡ್ಡದು ಮಾಡೋಣ.”

“ನಂದು?” ಅಂದ ನಾಗಣ್ಣ.

“ನಿಮ್ಮದು ಬಿಗಿ ಮಾಡಬೇಕು.”

“ಅವರದು ಸಡಿಲ, ನಂದು ಬಿಗಿ. ಎರಡೂ ಕಡೆ ದುಡ್ಡು ನಿನಗೆ!”

“ಅಣ್ಣಾ, ಕ್ಲಾಂಪು ಪೈಪನ್ನ ಹಿಡೀಬೇಕು, ಹಿಂಡಬಾರದು. ಅವರದು ಹಿಂಡಿದೆ, ನಿಮ್ಮದು ಹಿಡಿದೇ ಇಲ್ಲ. ಮೇಲೆ ಪ್ರೆಶರ್ ಪಂಪ್ ಬೇರೆ. ನಲ್ಲಿ ಕಾಲು ಸುತ್ತಿಗೇ ಬಂದ್. ಓಡಿ ಬರೋ ನೀರು ತಟ್ಟನೆ ನಿಂತರೆ ಪೈಪಿಗೆ ಗುದ್ದುತ್ತೆ. ಪಂಪಿನ ಪ್ರೆಶರ್ ಇಳಿಸಿ, ನಲ್ಲಿಗೆ ನೀರು ಬಿಡೋ ಗೋಡೆ ವಾಲ್ವ್ ಇದೆಯಲ್ಲ, ಆಂಗಲ್ ಕಾಕ್, ಅದನ್ನ ಸ್ವಲ್ಪ ಮುಚ್ಚಿ, ನಲ್ಲಿ ನಿಧಾನಕ್ಕೆ ನಿಲ್ಲಿಸೋಕೆ ಹೇಳಿ.”

“ಬಾಡಿಗೇನೇ ನಿಧಾನಕ್ಕೆ ಕೊಡ್ತಾನೆ. ನಲ್ಲಿ ಮಾತ್ರ ರಪ್ಪಂತ.”

ನನ್ನ ಗೀಸರಿನದು ನಮ್ಮೂರಿನದೇ ಕಥೆ. ಸಾವಿರ ಅಡಿ ಕೊರೆದು ಎತ್ತಿದ ಗಡಸು ನೀರು. ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಸಿಗೆ ಕಾಯಿಲ್ ಮೇಲೆ ಸುಣ್ಣದ ಹಾಗೆ ಗಟ್ಟಿಯಾಗಿ ಕೂರುತ್ತೆ. ಆ ಪದರದ ಅಡಿಯಲ್ಲಿ ಸಿಕ್ಕ ನೀರು ಕುದಿದು ಆವಿಯಾಗುತ್ತೆ, ಗುಳ್ಳೆ ಒಡೆಯುತ್ತೆ. ಅದೇ ಗುಡುಗುಡು. ಕರೆಂಟ್ ಪೂರ್ತಿ ತೆಗೆದು, ಕಾಯಿಲ್ ಬಿಚ್ಚಿ ಸುಣ್ಣ ತೆಗೀಬೇಕು. ಸೇಫ್ಟಿ ವಾಲ್ವ್ ಕಟ್ಟಿಕೊಂಡಿದೆಯಾ ಅಂತ ನೋಡಲೇಬೇಕು, ಅದರಲ್ಲಿ ಹರಟೆ ಇಲ್ಲ. ಆಮೇಲೆ ಥರ್ಮೋಸ್ಟಾಟ್ 55 ಡಿಗ್ರಿ ಹತ್ತಿರ ಇಟ್ಟರೆ ಸುಣ್ಣ ಕಟ್ಟೋದು ಕಡಿಮೆ. ಪೈಪ್ ಹಿಗ್ಗೋದೂ ಕಡಿಮೆ.

ನಾಗಣ್ಣನಿಗೆ ಸಮಾಧಾನ ಇಲ್ಲ. “ನಮ್ಮ ಬೆಟ್ಟದ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬರ್ತಾನೇ ಇರುತ್ತೆ. ಒಂದಿನ ಢಂ ಅಂದಿದೆಯಾ?”

“ಬಸವ ನಲ್ಲಿ ನಿಲ್ಲಿಸಲ್ಲ ಅಣ್ಣ. ಬಿಸಿನೀರೂ ಕೊಡಲ್ಲ.”

ಮೇಷ್ಟ್ರು ಬಾಷಾನ ಕಿವಿ ಹತ್ತಿರ ಬಗ್ಗಿದರು. “ಭಾನುವಾರ ಬಾ. ಅಮ್ಮನ ಮುಂದೆ ಪೈಪಿನ ಮಾತು ಎತ್ತಬೇಡ.”

“ಆಮೇಲೆ ಹಲ್ಲಿ ಎಲ್ಲಿ ಅಂತ ಕೇಳಿದ್ರೆ?”

“ತವರಿಗೆ ಹೋಗಿದೆ ಅಂತ ನಮ್ಮವಳೇ ಹೇಳ್ತಾಳೆ ಬಿಡು.”