ಟೈಪ್ 1 ಮಧುಮೇಹವಿದ್ದು ಪುಣೆಯಿಂದ ಗೋವಾಕ್ಕೆ ಸೈಕಲ್ ಸವಾರಿ

ಪ್ರಶ್ನೆ:
ಪುಣೆಯ ನಾವು ಎಂಟು ಮಂದಿ ಕನ್ನಡಿಗರು ಡಿಸೆಂಬರ್‌ನಲ್ಲಿ ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಆಂಬೋಲಿ ಘಾಟಿಯ ಮಾರ್ಗವಾಗಿ ಐದು ದಿನಗಳಲ್ಲಿ ಗೋವಾ ತಲುಪಬೇಕೆಂದಿದ್ದೇವೆ. ನನಗೆ ಟೈಪ್ 1 ಮಧುಮೇಹವಿದೆ. ಕಳೆದ ತಿಂಗಳು ಸಿಂಹಗಡಕ್ಕೆ ಸೈಕಲ್‌ನಲ್ಲಿ ಹೋಗಿಬಂದ ರಾತ್ರಿ ಎರಡು ಗಂಟೆಗೆ ಸಕ್ಕರೆ 58ಕ್ಕೆ ಇಳಿದು, ಬೆವತು ಎಚ್ಚರಗೊಂಡೆ. ಹಗಲೆಲ್ಲ ಸರಿಯಿದ್ದದ್ದು ರಾತ್ರಿ ಕುಸಿದದ್ದೇಕೆ?

ಮೊದಲ ಉತ್ತರ:
ನಾನೂ ಇದೇ ಕಾಯಿಲೆಯವನು. ದೀರ್ಘ ಶ್ರಮದಲ್ಲಿ ಬರಿದಾದ ಗ್ಲೈಕೋಜನ್ (ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ) ದಾಸ್ತಾನನ್ನು ಸ್ನಾಯುಗಳು ರಕ್ತದ ಸಕ್ಕರೆಯಿಂದಲೇ ತುಂಬಿಕೊಳ್ಳುವುದರಿಂದಲೂ, ದೇಹವು ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುವುದರಿಂದಲೂ, ಕುಸಿತವು ಸವಾರಿ ಮುಗಿದ ಎಷ್ಟೋ ಗಂಟೆಗಳ ಬಳಿಕ, ಹೆಚ್ಚಾಗಿ ನಿದ್ದೆಯಲ್ಲಿ, ಬರುತ್ತದೆ. ಸವಾರಿಯ ದಿನಗಳಲ್ಲಿ ನನ್ನ ವೈದ್ಯರು ರಾತ್ರಿಯ ಬೇಸಲ್ (ನಿಧಾನವಾಗಿ, ದೀರ್ಘಕಾಲ ಕೆಲಸ ಮಾಡುವ) ಇನ್ಸುಲಿನ್ ಪ್ರಮಾಣವನ್ನು ಶೇ. 20ರಷ್ಟು ತಗ್ಗಿಸಿದ್ದರು, ನಿಮ್ಮ ಲೆಕ್ಕವನ್ನು ನಿಮ್ಮ ವೈದ್ಯರೇ ಹೇಳಬೇಕು. ತೊಡೆಗೆ ಚುಚ್ಚಿಕೊಂಡು ಪೆಡಲ್ ತುಳಿದರೆ ಇನ್ಸುಲಿನ್ ಬೇಗ ಹೀರಲ್ಪಡುತ್ತದೆ, ಹೊಟ್ಟೆಯೇ ಮೇಲು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಸೈಕಲ್ ನಿಲ್ಲಿಸಿ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷದ ನಂತರ ಮರುಪರೀಕ್ಷಿಸಿ. (ಕೊಲ್ಹಾಪುರದ ಬೆಲ್ಲವನ್ನು ಊಟದ ಜೊತೆಗೆ ಸವಿಯಿರಿ, ಆ ಗಳಿಗೆಯಲ್ಲಿ ಗ್ಲೂಕೋಸ್ ಪುಡಿಯಷ್ಟು ಚುರುಕಾದದ್ದು ಬೇರಿಲ್ಲ.)

ಎರಡನೆಯ ಉತ್ತರ:
ಇನ್ಸುಲಿನ್ ಪೆನ್ನನ್ನು ಬಿಸಿಲಿಗೆ ಕಾಯುವ ಹ್ಯಾಂಡಲ್ ಚೀಲದಲ್ಲಿಡದೆ, ನೀರಿನಲ್ಲಿ ನೆನೆಸಿದರೆ ತಂಪಾಗಿರುವ ಬಗೆಯ ಚೀಲದಲ್ಲಿಡಿ. ಮಂಜುಗಡ್ಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಆಂಬೋಲಿಯ ಇಳಿಜಾರಿಗೆ ಮುನ್ನ ತಪ್ಪದೆ ಪರೀಕ್ಷಿಸಿಕೊಳ್ಳಿ. ಅಲ್ಲಿನ ತಿರುವುಗಳಲ್ಲಿ ಕೈ ನಡುಗಬಾರದು.

ಪ್ರಶ್ನೆ ಕೇಳಿದವರು:
ಕೃತಜ್ಞತೆಗಳು. ಇಷ್ಟು ದಿನ ತೊಡೆಗೇ ಚುಚ್ಚಿಕೊಳ್ಳುತ್ತಿದ್ದೆ. ರಾತ್ರಿ ಕೋಣೆ ಹಂಚಿಕೊಳ್ಳುವ ಗೆಳೆಯನಿಗೆ ಗ್ಲೂಕಗಾನ್ (ತೀರಾ ಕುಸಿದ ಸಕ್ಕರೆಯನ್ನು ಏರಿಸುವ ತುರ್ತು ಔಷಧ) ಕೊಡುವ ಕ್ರಮವನ್ನು ಈ ವಾರವೇ ವೈದ್ಯರಿಂದ ಹೇಳಿಸುತ್ತೇನೆ.