ಡೊಂಬಿವಿಲಿಯಿಂದ ಕುಂದಾಪುರ: ಕಾರಿಗೆ ಸಿಎನ್‌ಜಿ ಹಾಕಿಸಿಕೊಂಡು ಫೆರಿ ದಾರಿಯಲ್ಲಿ ಹೋಗಬಹುದಾ?

ಕುಂದಾಪ್ರದ_ಮಾಣಿ:
ಎಲ್ಲರಿಗೂ ನಮಸ್ಕಾರ. ನನ್ನದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 62 ಸಾವಿರ ಕಿ.ಮೀ. ಓಡಿದೆ. ಆಫೀಸಿಗೆ ಹೋಗಿ ಬರೋದು ದಿನಕ್ಕೆ 50 ಕಿ.ಮೀ. ವರ್ಷಕ್ಕೆ ಎರಡು ಸಲ ಊರಿಗೆ, ಅಂದರೆ ಒಂದು ಕಡೆಗೆ ಸುಮಾರು 800 ಕಿ.ಮೀ. ಪೆಟ್ರೋಲ್ ಬಿಲ್ ನೋಡಿ ಸಾಕಾಗಿದೆ, ಹೊರಗಡೆ ಸಿಎನ್‌ಜಿ ಕಿಟ್ ಹಾಕಿಸೋಣ ಅಂತಿದ್ದೇನೆ, 60 ಸಾವಿರದ ಹತ್ತಿರ ಹೇಳಿದ್ದಾರೆ. ಇನ್ನೊಂದು ಆಸೆ ಏನಂದರೆ ಈ ಸಲ ಹೈವೇ ಬಿಟ್ಟು, ಮುಂಬಯಿಯ ಭಾವುಚಾ ಧಕ್ಕಾದಲ್ಲಿ ಕಾರನ್ನು ರೋ-ರೋ (ವಾಹನ ಸಾಗಿಸುವ ಫೆರಿ) ಹತ್ತಿಸಿ ಅಲಿಬಾಗ್ ಹತ್ತಿರದ ಮಾಂಡವಾದಲ್ಲಿ ಇಳಿದು, ಅಲ್ಲಿಂದ ಸಮುದ್ರದ ಪಕ್ಕದ ದಾರಿಯಲ್ಲೇ ರತ್ನಾಗಿರಿ ತನಕ ಹೋಗಬೇಕು ಅಂತ. ಗ್ಯಾಸ್ ಕಾರನ್ನು ಫೆರಿಗೆ ಬಿಡುತ್ತಾರಾ? ದಾರಿಯಲ್ಲಿ ಗ್ಯಾಸ್ ಸಿಗುತ್ತಾ? ಮನೆಯವಳು "ಮೊದಲು ಕೇಳಿ, ಆಮೇಲೆ ದುಡ್ಡು ಕೊಡಿ" ಅಂದಿದ್ದಾಳೆ.

ಉಬ್ಬರ_ಇಳಿತ:
ನಾನು ವಾಶಿಯವನು, ನನ್ನ ಕಾರೂ ಸಿಎನ್‌ಜಿ. ಆ ದಾರಿಯಲ್ಲಿ ಎರಡು ಸಲ ಹೋಗಿದ್ದೇನೆ. ಮಾಂಡವಾಕ್ಕೆ ಒಂದು ಗಂಟೆ ಆಸುಪಾಸು. ಅದು ದೊಡ್ಡ ಹಡಗು, ಬುಕ್ ಮಾಡುವಾಗಲೇ ಗ್ಯಾಸ್ ಕಾರು ಅಂತ ಹೇಳಿ ಕೇಳಿಬಿಡಿ. ಆಮೇಲೆ ಸಿಗೋದೆಲ್ಲ ಸಣ್ಣ ಫೆರಿಗಳು, ನಮ್ಮ ಸಿಗಂದೂರು ಲಾಂಚ್ ಇತ್ತಲ್ಲ, ಹಾಗೆ. ಅಗರ್‌ದಾಂಡಾದಿಂದ ದಿಘಿ, ಬಾಗ್‌ಮಾಂಡಲಾದಿಂದ ವೇಶ್ವಿ, ದಾಭೋಳದಿಂದ ಧೋಪಾವೆ, ಕೊನೆಗೆ ತವಸಾಳದಿಂದ ಜಯಗಡ. ಅಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆದರೂ ನಾನು ಹತ್ತುವ ಮೊದಲು ಪೆಟ್ರೋಲಿಗೆ ಹಾಕಿ, ಡಿಕ್ಕಿ ತೆಗೆದು ಸಿಲಿಂಡರಿನ ಕೈ ವಾಲ್ವ್ ತಿರುಗಿಸಿ ಬಂದ್ ಮಾಡುತ್ತಿದ್ದೆ. ಅರ್ಧ ನಿಮಿಷದ ಕೆಲಸ.

ನಿಜವಾದ ತಲೆನೋವು ಬೇರೆ. ಸಿಲಿಂಡರ್ ತೂಕವೇ 60 ಕೆ.ಜಿ. ಹತ್ತಿರ, ಮೇಲೆ ಹಿಂದಿನ ಸೀಟಿನಲ್ಲಿ ಮೂರು ಜನ, ಅವರ ಚೀಲ. ಕಾರಿನ ಹಿಂಭಾಗ ಕೂತುಬಿಡುತ್ತದೆ. ವೇಶ್ವಿಯಲ್ಲಿ ಇಳಿಯುವಾಗ ಸಮುದ್ರ ಇಳಿತದಲ್ಲಿತ್ತು, ಜೆಟ್ಟಿಯ ಇಳಿಜಾರು ಕಡಿದಾಗಿ ನಿಂತಿತ್ತು, ಕೆಳಗಿನ ಅರ್ಧ ಪಾಚಿ. ಮುಂದಿನ ಚಕ್ರ ಜೆಟ್ಟಿ ಹತ್ತಿತು, ಹಿಂದಿನ ಬಂಪರ್ ಫೆರಿಯ ಕಬ್ಬಿಣಕ್ಕೆ ಕರ್ರ್ ಅಂತ ಉಜ್ಜಿತು. ಹಗ್ಗ ಹಿಡಿದಿದ್ದ ಹುಡುಗ ನಕ್ಕು "ಸಿಎನ್‌ಜಿ?" ಅಂದ. ದಿನಾ ನೋಡುತ್ತಾನೆ ಅನಿಸುತ್ತದೆ. ಅವತ್ತಿನಿಂದ ಜನರನ್ನು ಇಳಿಸಿ, ಖಾಲಿ ಕಾರು ಹತ್ತಿಸಿ ಇಳಿಸುತ್ತೇನೆ.

ಗ್ಯಾಸ್ ವಿಷಯಕ್ಕೆ ಬಂದರೆ ಆ ಸಮುದ್ರದ ದಾರಿಯಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ. ರತ್ನಾಗಿರಿ ತನಕ ಪೆಟ್ರೋಲ್ ಅಂತಲೇ ಲೆಕ್ಕ ಹಾಕಿ. ಎರಡು ದಿನ ಬೇಕು, ಒಂದೇ ದಿನದಲ್ಲಿ ಓಡಿಸಿದರೆ ಆ ದಾರಿಗೆ ಹೋಗಿ ಏನು ಪ್ರಯೋಜನ ಹೇಳಿ.

ಪಾನಾ_ಹಿಡಿದವ:
ಗ್ಯಾರೇಜ್ ಇಟ್ಟುಕೊಂಡವನು ನಾನು, ಬೇಜಾರು ಮಾಡಿಕೊಳ್ಳಬೇಡಿ, ನೇರ ಹೇಳುತ್ತೇನೆ. ಊರಿಗೆ ಹೋಗೋದಕ್ಕೆ ಅಂತ ಕಿಟ್ ಹಾಕಿಸುವುದಾದರೆ ಬೇಡ. ದಿನಾ 50 ಕಿ.ಮೀ. ಇದೆ ಅಂತ ಹಾಕಿಸುವುದಾದರೆ ಸರಿ. ಲೆಕ್ಕ ನೋಡಿ. ಟ್ರಾಫಿಕ್ಕಿನಲ್ಲಿ ನಿಮ್ಮ ಕಾರು ಲೀಟರಿಗೆ 15 ಕೊಟ್ಟರೆ, ಪೆಟ್ರೋಲ್ 104 ರೂಪಾಯಿ ಅಂದುಕೊಂಡರೆ, ಕಿ.ಮೀ.ಗೆ ಏಳು ರೂಪಾಯಿ ಹತ್ತಿರ. ಗ್ಯಾಸಿನಲ್ಲಿ ಕೆ.ಜಿ.ಗೆ 24, ದರ 80 ಅಂದುಕೊಂಡರೆ ಮೂರೂಕಾಲು ಚಿಲ್ಲರೆ. ಉಳಿಯೋದು ಮೂರೂವರೆ. ಕಿಟ್ಟಿನ ದುಡ್ಡು ಹುಟ್ಟೋಕೆ 17 ಸಾವಿರ ಕಿ.ಮೀ. ಓಡಬೇಕು. ನಿಮಗೆ ಒಂದೂಕಾಲು ವರ್ಷದೊಳಗೆ ಆಗುತ್ತದೆ, ಪರವಾಗಿಲ್ಲ.

ಹೈವೇಯಲ್ಲಿ ಮಾತ್ರ ಕಥೆ ಬೇರೆ. 60 ಲೀಟರ್ ಸಿಲಿಂಡರಿಗೆ ಹಿಡಿಯೋದು 9 ಕೆ.ಜಿ. ಆಸುಪಾಸು, ಅದೂ 200 ಬಾರ್ ಒತ್ತಡ ಇದ್ದರೆ. ಪೈಪ್ ಲೈನ್ ಇಲ್ಲದ ಊರಿನ ಪಂಪಿಗೆ ಗ್ಯಾಸ್ ಬರೋದು ಲಾರಿಯಲ್ಲಿ. ಲಾರಿಯ ಸಿಲಿಂಡರ್‌ಗಳು ಖಾಲಿಯಾಗುತ್ತಾ ಬಂದ ಹಾಗೆ ಒತ್ತಡ ಇಳಿಯುತ್ತದೆ. ಒಂದು ಗಂಟೆ ಸಾಲಿನಲ್ಲಿ ನಿಂತು 6 ಕೆ.ಜಿ. ಹಾಕಿಸಿಕೊಂಡು ಬಂದವರು ಎಷ್ಟೋ ಜನ. ಗಣೇಶ ಚೌತಿಗೆ ಕೊಂಕಣದ ಕಡೆ ಆ ಸಾಲು ನೋಡಿದರೆ ಪೆಟ್ರೋಲೇ ಅಗ್ಗ ಅನಿಸುತ್ತದೆ.

ಹಾಕಿಸುವುದಾದರೆ ಸೀಕ್ವೆನ್ಷಿಯಲ್ ಕಿಟ್ಟೇ (ಇಂಜಿನ್ನಿಗೆ ಗ್ಯಾಸನ್ನು ಕಂಪ್ಯೂಟರ್ ಅಳೆದು ಸರದಿಯಲ್ಲಿ ಬಿಡುವಂಥದ್ದು) ಹಾಕಿಸಿ, ನಿಮ್ಮ ಮಾಡೆಲ್ಲಿಗೆ ಅಪ್ರೂವಲ್ ಇರುವ ಕಿಟ್ಟೇ ಆಗಬೇಕು. ಮೊದಲು ಇಂಜಿನ್ ಕಂಪ್ರೆಷನ್ ಚೆಕ್ ಮಾಡಿಸಿ. ಬೆಳಿಗ್ಗೆ ಪೆಟ್ರೋಲಿನಲ್ಲೇ ಸ್ಟಾರ್ಟ್ ಆಗಿ, ನೀರು ಬಿಸಿಯಾದ ಮೇಲೆ ತಾನೇ ಗ್ಯಾಸಿಗೆ ತಿರುಗುತ್ತದೆ, ಗಾಬರಿಯಾಗಬೇಡಿ. ಅಷ್ಟು ಒತ್ತಡದ ಗ್ಯಾಸ್ ಒಮ್ಮೆಲೇ ಸಡಿಲವಾದರೆ ಒತ್ತಡ ಇಳಿಸುವ ರೆಡ್ಯೂಸರ್ ಮಂಜುಗಟ್ಟುತ್ತದೆ, ಅದಕ್ಕೇ ರೇಡಿಯೇಟರಿನ ಬಿಸಿನೀರನ್ನು ಅದರ ಸುತ್ತ ಹರಿಸುತ್ತಾರೆ. ಪೆಟ್ರೋಲ್ ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಸಬೇಡಿ, ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪ್ ಸುಟ್ಟು ಹೋಗುತ್ತದೆ. ಆರ್‌ಸಿಯಲ್ಲಿ ಪೆಟ್ರೋಲ್/ಸಿಎನ್‌ಜಿ ಅಂತ ಬರೆಸಿ, ಇನ್ಶೂರೆನ್ಸಿನವರಿಗೂ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ಕೈ ಎತ್ತುತ್ತಾರೆ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಕೊಟ್ಟು ಗಟ್ಟಿಯಿದೆಯಾ ಅಂತ ನೋಡೋದು. ತಾರೀಕು ಮೀರಿದರೆ ಪಂಪಿನಲ್ಲಿ ವಾಪಸ್ ಕಳಿಸುತ್ತಾರೆ.

ಕುಂದಾಪ್ರದ_ಮಾಣಿ:
ಅಬ್ಬಾ, ಇಷ್ಟೆಲ್ಲ ಇದೆಯಾ ಮಾರಾಯ್ರೆ! ಊರಿನಲ್ಲಿ ಒಬ್ಬ ಗೆಳೆಯ ಎಲ್‌ಪಿಜಿ ಹಾಕಿಸು, ಟ್ಯಾಂಕ್ ಸಣ್ಣದು, ಗ್ಯಾಸ್ ಸಿಗದಿದ್ದರೆ ಮನೆ ಸಿಲಿಂಡರ್ ಇದ್ದೇ ಇದೆ ಅಂತಾನೆ.

ಪಾನಾ_ಹಿಡಿದವ:
ಆ ಗೆಳೆಯನ ಕಾರು ಹತ್ತಬೇಡಿ. ಪಂಪಿನ ಆಟೋ ಎಲ್‌ಪಿಜಿ ಬೇರೆ, ಅಡುಗೆ ಸಿಲಿಂಡರ್ ಬೇರೆ. ಅಡುಗೆ ಗ್ಯಾಸನ್ನು ಕಾರಿಗೆ ತುಂಬಿಸೋದು ಕಾನೂನಿನ ಪ್ರಕಾರ ತಪ್ಪು, ತುಂಬುವಾಗಲೇ ಹೊತ್ತಿಕೊಂಡು ಜನ ಸತ್ತಿದ್ದಾರೆ. ಇನ್ನೊಂದು, ಸಿಎನ್‌ಜಿ ಗಾಳಿಗಿಂತ ಹಗುರ, ಲೀಕ್ ಆದರೆ ಮೇಲೆ ಹೋಗುತ್ತದೆ. ಎಲ್‌ಪಿಜಿ ಭಾರ, ನೆಲ ಹಿಡಿದು ಕೂರುತ್ತದೆ. ಮುಚ್ಚಿದ ಹಡಗಿನ ತಳದಲ್ಲಿ ಕಾರುಗಳ ನಡುವೆ ಅದು ಕೂತರೆ ಏನಾಗಬಹುದು ಅಂತ ನೀವೇ ಯೋಚಿಸಿ.

ಉಬ್ಬರ_ಇಳಿತ:
ಒಂದು ಮರೆತಿದ್ದೆ. ಸ್ಟೆಪ್ನಿ ಎಲ್ಲಿಡುತ್ತೀರಿ? ನನ್ನ ಕಾರಿನಲ್ಲಿ ಅದು ಸಿಲಿಂಡರ್ ಅಡಿಯಲ್ಲಿದೆ. ರಾಜಾಪುರ ದಾಟಿ ರಾತ್ರಿ ಹತ್ತಕ್ಕೆ ಪಂಚರ್ ಆಯಿತು. ಊರಿಂದ ತಂದ 20 ಕೆ.ಜಿ. ಕುಚ್ಚಲಕ್ಕಿ, ಎರಡು ಮೂಟೆ ತೆಂಗಿನಕಾಯಿ, ಒಂದು ಹಲಸಿನಹಣ್ಣು ಎಲ್ಲ ರಸ್ತೆ ಬದಿ ಇಳಿಸಿ, ಬ್ರಾಕೆಟ್ಟಿನ ನಟ್ಟು ಸಡಿಲ ಮಾಡಿ ಚಕ್ರ ಎಳೆಯೋಕೆ ಮುಕ್ಕಾಲು ಗಂಟೆ. ಕಿಟ್ ಹಾಕುವವನ ಹತ್ತಿರ ಸಿಲಿಂಡರನ್ನು ಸ್ವಲ್ಪ ಎತ್ತರಿಸಿ ಕೂರಿಸಲು ಹೇಳಿ, ಸ್ಟೆಪ್ನಿ ಅವನ ಎದುರಿಗೇ ಒಮ್ಮೆ ತೆಗೆದು ನೋಡಿ, ಆಮೇಲೆ ದುಡ್ಡು ಕೊಡಿ.

ಕುಂದಾಪ್ರದ_ಮಾಣಿ:
ಮನೆಯವಳಿಗೆ ಓದಿ ಹೇಳಿದೆ. ಕಿಟ್ಟಿಗೆ ಒಪ್ಪಿದಳು, ಫೆರಿಗೂ ಒಪ್ಪಿದಳು. ತೆಂಗಿನಕಾಯಿ ಒಂದು ಮೂಟೆ ಕಡಿಮೆ ಮಾಡೋದಕ್ಕೆ ಒಪ್ಪಲಿಲ್ಲ.